ಬಿಳಿ ಹೊಗೆಯೂ ಬೆಳಕು ನುಂಗುತ್ತದೆ

ಗೋವಿನಜೋಳದ ಕೊಯ್ಲು ಮುಗಿದ ಮೇಲೆ ಹಾನಗಲ್ಲ ತಾಲ್ಲೂಕಿನ ಆಡೂರಿನ ಸುತ್ತ ಹೊಲದಲ್ಲಿ ಉಳಿದ ದಂಟು, ರವದಿಗೆ ಬೆಂಕಿ ಹಚ್ಚುವವರಿದ್ದಾರೆ. ಇಬ್ಬನಿಗೆ ನೆನೆದ ಕಸ ಧಗಧಗನೆ ಉರಿಯುವುದಿಲ್ಲ, ಗಂಟೆಗಟ್ಟಲೆ ಹೊಗೆಯಾಡುತ್ತದೆ. ಆ ಹೊಗೆಯ ಬಗ್ಗೆ ನಮ್ಮಲ್ಲಿ ಬೇರೂರಿದ ಕೆಲವು ತಪ್ಪು ತಿಳಿವಳಿಕೆಗಳಿವೆ.

ತಪ್ಪು ಕಲ್ಪನೆ: ಕರಿ ಹೊಗೆ ಮಾತ್ರ ಬಿಸಿಲನ್ನು ಹೀರುತ್ತದೆ, ಬಿಳಿ ಹೊಗೆಯಿಂದ ತೊಂದರೆಯಿಲ್ಲ.

ಸತ್ಯ: ಜ್ವಾಲೆ ಎದ್ದು ಉರಿದರೆ ಮಸಿ ಹೆಚ್ಚು, ಜ್ವಾಲೆಯಿಲ್ಲದೆ ಹೊಗೆಯಾಡಿದರೆ ಸಾವಯವ ಕಣಗಳು ಹೆಚ್ಚು. ಈ ಕಣಗಳು ಬೆಳಕನ್ನು ಸುತ್ತಲೂ ಚೆದುರಿಸುವುದರಿಂದ ಹೊಗೆ ಬೆಳ್ಳಗೆ ಕಾಣುತ್ತದೆ. ಅದೇ ಹೊಗೆಯನ್ನು ಬಿಳಿ ಶೋಧಕದ ಮೂಲಕ ಎಳೆದು ನೋಡಿ, ಹಳದಿಗಂದು ಕಲೆ ಉಳಿಯುತ್ತದೆ. ದಂಟಿನ ಲಿಗ್ನಿನ್ ಶಾಖಕ್ಕೆ ಒಡೆದು ಹುಟ್ಟುವ ಸಂಯುಕ್ತಗಳು ನೇರಳಾತೀತ ಮತ್ತು ನೀಲಿ ಬೆಳಕನ್ನು ಹೀರಿ, ಕೆಂಪನ್ನು ಬಹುಮಟ್ಟಿಗೆ ಹಾಗೇ ಬಿಡುತ್ತವೆ. ವಿಜ್ಞಾನಿಗಳು ಇದನ್ನು ಕಂದು ಇಂಗಾಲ ಎನ್ನುತ್ತಾರೆ. ತೂಕಕ್ಕೆ ತೂಕ ನೋಡಿದರೆ ಅದು ಮಸಿಯಷ್ಟು ಹೀರದು. ಆದರೆ ಇಂಥ ಹೊಗೆಯಲ್ಲಿ ಸಾವಯವ ಕಣಗಳ ಪ್ರಮಾಣವೇ ಮಸಿಯ ಹಲವು ಪಟ್ಟು.

ತಪ್ಪು ಕಲ್ಪನೆ: ಹೊಗೆ ಅಳೆಯುವ ಯಂತ್ರ ತೋರಿಸುವ ಒಂದು ಸಂಖ್ಯೆಯಲ್ಲಿ ಎಲ್ಲವೂ ತಿಳಿಯುತ್ತದೆ.

ಸತ್ಯ: ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಕೆ. ಸತೀಶ್ ಮತ್ತು ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಸುರೇಶ್ ಬಾಬು, ಕೃಷ್ಣಮೂರ್ತಿ ಅವರು ಬೆಂಗಳೂರಿನ ಗಾಳಿಯಲ್ಲಿದ್ದ ಮಸಿಯನ್ನು ಅಳೆದು 2002ರಲ್ಲಿ ಪ್ರಕಟಿಸಿದರು. ಅವರು ಬಳಸಿದ ಉಪಕರಣ ಈಥಲೋಮೀಟರ್. ಅದು ಗಾಳಿಯನ್ನು ಶೋಧಕದ ಪಟ್ಟಿಯ ಮೂಲಕ ಎಳೆದು, ಕಲೆ ಕಪ್ಪಾದಂತೆಲ್ಲ ಬೆಳಕು ಎಷ್ಟು ಕುಗ್ಗಿತೆಂದು ನೋಡುತ್ತದೆ. ಇಂದಿನ ಮಾದರಿಗಳು 370ರಿಂದ 950 ನ್ಯಾನೊಮೀಟರ್‌ವರೆಗೆ 7 ಬಣ್ಣಗಳ ಬೆಳಕಿನಲ್ಲಿ ಅಳೆಯುತ್ತವೆ. 880ರಲ್ಲಿ ಹೀರುವುದು ಹೆಚ್ಚುಕಡಿಮೆ ಮಸಿ ಮಾತ್ರ. ಬರೀ ಮಸಿಯಾದರೆ 370ರಲ್ಲಿ ಹೀರಿಕೆ ಸುಮಾರು 2.4 ಪಟ್ಟಾಗಬೇಕು. ಅದಕ್ಕಿಂತ ಹೆಚ್ಚು ಬಂದರೆ ಹೆಚ್ಚುವರಿ ಪಾಲನ್ನು ಕಂದು ಇಂಗಾಲದ ಲೆಕ್ಕಕ್ಕೆ ಹಾಕುತ್ತಾರೆ. ಇಲ್ಲಿ ಆತುರ ಸಲ್ಲದು. ಕೆಂಪು ಮಣ್ಣಿನ ಧೂಳಿನಲ್ಲಿರುವ ಕಬ್ಬಿಣದ ಆಕ್ಸೈಡ್ ಕೂಡ ನೀಲಿ ಬೆಳಕನ್ನೇ ಹೀರುತ್ತದೆ. ಬೇಸಿಗೆಯಲ್ಲಿ ಧೂಳೇಳುವ ನಮ್ಮ ಊರುಗಳಲ್ಲಿ ಇದನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಶೋಧಕದ ಎಳೆಗಳೂ ಮೋಸ ಮಾಡುತ್ತವೆ. ಅವುಗಳ ನಡುವೆ ಬೆಳಕು ಪುಟಿಪುಟಿದು ಒಂದೇ ಕಣವನ್ನು ಹಲವು ಸಲ ಹಾಯುವುದರಿಂದ ಹೀರಿಕೆ ಇದ್ದುದಕ್ಕಿಂತ ಹೆಚ್ಚು ಕಾಣುತ್ತದೆ, ತಿದ್ದುಪಡಿ ಬೇಕೇ ಬೇಕು. ಆದ್ದರಿಂದ ನನಗೆ ಹೆಚ್ಚು ನಂಬಿಕೆ ಇರುವುದು ಧ್ವನಿಯ ವಿಧಾನದ ಮೇಲೆ: ಗಾಳಿಯಲ್ಲಿ ತೇಲುವ ಕಣಗಳಿಗೇ ಮಿಡಿಯುವ ಲೇಸರ್ ಬಿಟ್ಟರೆ, ಅವು ಬೆಳಕು ಹೀರಿ ಬಿಸಿಯಾಗಿ ಸುತ್ತಲ ಗಾಳಿಯನ್ನು ಹಿಗ್ಗಿಸುತ್ತವೆ. ಆ ಕಂಪನವನ್ನು ಮೈಕ್ರೊಫೋನ್ ಕೇಳಿಸಿಕೊಳ್ಳುತ್ತದೆ. ಬೆಳಕಿನಿಂದ ಧ್ವನಿ ಹುಟ್ಟುವ ಈ ಪರಿಣಾಮವನ್ನು 1880ರಲ್ಲೇ ಗುರುತಿಸಿದವರು ದೂರವಾಣಿಯ ಗ್ರಹಾಂ ಬೆಲ್. ಇನ್ನೊಂದು ದಾರಿ, ಚಹಾ ಸೊಪ್ಪಿನಿಂದ ಬಣ್ಣ ಇಳಿಸುವಂತೆ ಶೋಧಕವನ್ನು ಮೆಥನಾಲ್‌ನಲ್ಲಿ ನೆನೆಸಿ ದ್ರಾವಣದ ಬಣ್ಣ ಅಳೆಯುವುದು. ಮಸಿ ಕರಗದೆ ಹಿಂದೆ ಉಳಿಯುತ್ತದೆ. ನೀರಿನಲ್ಲಿ ನೆನೆಸಿದರೆ ಬಣ್ಣದ ಒಂದು ಪಾಲು ಮಾತ್ರ ಬಿಡುತ್ತದೆ.

ತಪ್ಪು ಕಲ್ಪನೆ: ಬಿಸಿಲೇರಿದರೆ ಹೊಗೆ ಕರಗಿಹೋಗುತ್ತದೆ.

ಸತ್ಯ: ಬಿಸಿಲಿಗೆ ಕಂದು ಇಂಗಾಲದ ಬಣ್ಣ ಬಹುಪಾಲು ಮಾಸುತ್ತದೆ, ಕಣ ಮಾತ್ರ ಉಳಿಯುತ್ತದೆ. ಅದರ ಗಾತ್ರ 2.5 ಮೈಕ್ರೊಮೀಟರ್‌ಗಿಂತ ಚಿಕ್ಕದಾದ್ದರಿಂದ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ.

ರೈತ ಬಂಧುಗಳೇ, ದಂಟನ್ನು ರೋಟವೇಟರ್‌ನಿಂದ ಪುಡಿಮಾಡಿ ಮಣ್ಣಿಗೆ ಸೇರಿಸಿ, ಇಲ್ಲವೇ ತಿಪ್ಪೆಗೆ ಹಾಕಿ ಗೊಬ್ಬರ ಮಾಡಿ. ಹೊಗೆ ಬೆಳ್ಳಗಿದೆಯೆಂದು ಮಕ್ಕಳನ್ನು ಅದರ ಹತ್ತಿರ ಆಡಲು ಬಿಡಬೇಡಿ.