ಮೋಟಾರ್ ಸೈಕಲ್ ಚಾಲೂ ಆಗದಿದ್ದರೆ ಮೊದಲು ಪ್ಲಗ್ ನೋಡಿ

ಒಂದು ಕಾಲಕ್ಕೆ ಎತ್ತಿನ ಗಾಡಿ ಮಾಡುತ್ತಿದ್ದ ಎಷ್ಟೋ ಕೆಲಸಗಳನ್ನು ಇಂದು ಮೋಟಾರ್ ಸೈಕಲ್ ಮಾಡುತ್ತಿದೆ. ಹಾಲಿನ ಕ್ಯಾನು ಡೇರಿಗೆ, ತರಕಾರಿ ಮೂಟೆ ಸಂತೆಗೆ, 45 ಕಿ.ಗ್ರಾಂ. ಯೂರಿಯಾ ಚೀಲ ಹೊಲಕ್ಕೆ ಹೋಗುವುದು ಇದರ ಮೇಲೆಯೇ. ಬೆಳಗಿನ ಹಾಲು ಹೊತ್ತಿಗೆ ಸರಿಯಾಗಿ ಡೇರಿ ಮುಟ್ಟದಿದ್ದರೆ ಆ ಹೊತ್ತಿನ ಹಣ ಕೈಬಿಟ್ಟಂತೆಯೇ. ಇಂತಹ ಸಮಯದಲ್ಲಿ ಗಾಡಿ ಚಾಲೂ ಆಗದಿದ್ದರೆ ಅವಸರಪಟ್ಟು ಕೈಗೆ ಸಿಕ್ಕ ಸ್ಕ್ರೂಗಳನ್ನೆಲ್ಲ ತಿರುಗಿಸುವವರೇ ಹೆಚ್ಚು. ಇದರಿಂದ ಮೂಲ ದೋಷ ಹಾಗೆಯೇ ಉಳಿದು, ಅದರ ಜೊತೆಗೆ ಇನ್ನೆರಡು ಹೊಸ ದೋಷಗಳು ಸೇರಿಕೊಳ್ಳುತ್ತವೆ. ಕ್ರಮವಾಗಿ ಪರೀಕ್ಷಿಸಿದರೆ ಹೆಚ್ಚಿನ ದೋಷಗಳನ್ನು ಮನೆಯಂಗಳದಲ್ಲಿಯೇ ಕಂಡುಹಿಡಿಯಬಹುದು. ಇದಕ್ಕೆ ಬೇಕಾದುದು ಗಾಡಿಯ ಜೊತೆ ಬಂದ ಪ್ಲಗ್ ಪಾನಾ, ಒಂದು ಸ್ಕ್ರೂ ಡ್ರೈವರ್, ಒಂದು ಚೂರು ಒಣಬಟ್ಟೆ, ಸ್ವಲ್ಪ ತಾಳ್ಮೆ.

ಎಂಜಿನ್‌ಗೆ ಬೇಕಾದುದೇನು?

ಪೆಟ್ರೋಲ್ ಎಂಜಿನ್ ಓಡಲು ಮೂರು ಅಂಶಗಳು ಅವಶ್ಯಕ. ಒಂದು, ತಕ್ಕ ಪ್ರಮಾಣದಲ್ಲಿ ಬೆರೆತ ಪೆಟ್ರೋಲ್ ಮತ್ತು ಗಾಳಿ. ಎರಡು, ಸರಿಯಾದ ಸಮಯಕ್ಕೆ ಬಲವಾದ ಕಿಡಿ. ಮೂರು, ಆ ಮಿಶ್ರಣವನ್ನು ಅದುಮುವ ಒತ್ತಡ. ಇವುಗಳಲ್ಲಿ ಯಾವುದು ಕೊರತೆಯಾಗಿದೆ ಎಂಬುದನ್ನು ತಿಳಿಯುವುದೇ ದೋಷಪತ್ತೆ. ಮೊದಲೆರಡರ ಸುಳಿವನ್ನು ಸ್ಪಾರ್ಕ್ ಪ್ಲಗ್ ಒಂದೇ ಕೊಡುತ್ತದೆ. ಆದ್ದರಿಂದ ಪ್ಲಗ್ ನೋಡುವ ಮೊದಲು ಕಾರ್ಬುರೇಟರನ್ನು ಮುಟ್ಟಬಾರದು.

ಪ್ಲಗ್ ಬಿಚ್ಚುವ ಮೊದಲು

ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ, ಪೆಟ್ರೋಲ್ ಕಾಕ್ ತೆರೆದಿದೆಯೇ ನೋಡಿ. ಪೆಟ್ರೋಲ್ ಕಡಿಮೆ ಇದ್ದರೆ ಕಾಕನ್ನು ರಿಸರ್ವ್‌ಗೆ ತಿರುಗಿಸಿ. ಹ್ಯಾಂಡಲ್ ಮೇಲೆ ಎಂಜಿನ್ ನಿಲ್ಲಿಸುವ ಸ್ವಿಚ್ ಇದ್ದರೆ ಅದು ಸರಿಯಾದ ಸ್ಥಾನದಲ್ಲಿರಬೇಕು. ಮಕ್ಕಳು ಇದನ್ನು ಒತ್ತಿಟ್ಟಿರುವುದುಂಟು. ಕೆಲವು ಹೊಸ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಕೆಳಗಿದ್ದರೆ ಎಂಜಿನ್ ಚಾಲೂ ಆಗುವುದಿಲ್ಲ. ಎಂಜಿನ್ ತಣ್ಣಗಿದ್ದಾಗ ಮಾತ್ರ ಚೋಕ್ ಎಳೆಯಬೇಕು. ಪ್ಲಗ್ಗಿನ ಮೇಲಿನ ಕ್ಯಾಪ್ ಸಡಿಲವಾಗಿದೆಯೇ ಎಂದೂ ನೋಡಿ. ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸುವವರು ಇಲಿ ಕಡಿದ ವೈರುಗಳಿವೆಯೇ ಎಂದು ಪರೀಕ್ಷಿಸುವುದು ಒಳ್ಳೆಯದು.

ಪ್ಲಗ್ ಪರೀಕ್ಷೆ

ಮೇಲಿನವೆಲ್ಲ ಸರಿ ಇದ್ದೂ ಗಾಡಿ ಚಾಲೂ ಆಗದಿದ್ದರೆ ಏಳೆಂಟು ಬಾರಿ ಕಿಕ್ ಹೊಡೆದು, ಕೂಡಲೇ ಪ್ಲಗ್ ಬಿಚ್ಚಿ ಅದರ ತುದಿಯನ್ನು ನೋಡಿ. ಬಿಚ್ಚುವ ಮೊದಲು ಸುತ್ತಲಿನ ಧೂಳನ್ನು ಊದಿ ತೆಗೆಯಬೇಕು. ಇಲ್ಲದಿದ್ದರೆ ಮಣ್ಣು ಸಿಲಿಂಡರಿನೊಳಗೆ ಬೀಳುತ್ತದೆ.

ತುದಿ ಪೂರ್ತಿ ಒಣಗಿದ್ದರೆ ಪೆಟ್ರೋಲ್ ಎಂಜಿನ್‌ಗೆ ಬರುತ್ತಿಲ್ಲವೆಂದು ತಿಳಿಯಿರಿ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ, ಪೆಟ್ರೋಲ್ ಬರುತ್ತಿದೆ. ಆದರೆ ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಹೆಚ್ಚಾಗಿ ತುಂಬಿಕೊಂಡಿದೆ.

ಪ್ಲಗ್ ಒಣಗಿದ್ದರೆ

ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ರಂಧ್ರವಿರುತ್ತದೆ. ಇದು ಮಣ್ಣಿನಿಂದ ಮುಚ್ಚಿಹೋದರೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ. ಗಾಡಿ ಸ್ವಲ್ಪ ದೂರ ಓಡಿ ನಿಂತು, ಮುಚ್ಚಳ ತೆರೆದೊಡನೆ ಮತ್ತೆ ಚಾಲೂ ಆಗುತ್ತಿದ್ದರೆ ಇದೇ ಕಾರಣ. ರಂಧ್ರವನ್ನು ಸ್ವಚ್ಛಗೊಳಿಸಿದರೆ ಸಾಕು.

ಅದು ಸರಿಯಿದ್ದರೆ ಕಾರ್ಬುರೇಟರಿನ ತಳದಲ್ಲಿರುವ ಡ್ರೈನ್ ಸ್ಕ್ರೂ ಸಡಿಲಿಸಿ, ಬರುವ ಪೆಟ್ರೋಲನ್ನು ಗಾಜಿನ ಶೀಶೆಯಲ್ಲಿ ಹಿಡಿಯಿರಿ. ಧಾರೆ ಬಾರದಿದ್ದರೆ ಕಾಕ್ ಅಥವಾ ಪೈಪಿನಲ್ಲಿ ಕಸ ಕಟ್ಟಿದೆ. ಧಾರೆ ಚೆನ್ನಾಗಿ ಬಂದೂ ಪ್ಲಗ್ ಒಣಗಿದ್ದರೆ ಕಾರ್ಬುರೇಟರಿನ ಜೆಟ್ ಕಟ್ಟಿಕೊಂಡಿರುತ್ತದೆ. ಜೆಟ್ಟನ್ನು ಗಾಳಿ ಊದಿ ಸ್ವಚ್ಛಗೊಳಿಸಬೇಕು. ತಂತಿ ಇಲ್ಲವೇ ಸೂಜಿ ಚುಚ್ಚಿದರೆ ರಂಧ್ರ ದೊಡ್ಡದಾಗಿ ಪೆಟ್ರೋಲ್ ಖರ್ಚು ಹೆಚ್ಚುತ್ತದೆ.

ಶೀಶೆಯ ತಳದಲ್ಲಿ ಬೇರೆ ಪದರ ನಿಂತರೆ ಅದು ನೀರು ಸೇರಿರುವುದರ ಗುರುತು. 2025 ರ ವೇಳೆಗೆ ದೇಶದ ಪೆಟ್ರೋಲಿನಲ್ಲಿ ಶೇ. 20 ರಷ್ಟು ಎಥೆನಾಲ್ ಬೆರೆಸುವ ಗುರಿ ಮುಟ್ಟಲಾಯಿತು. ಕಬ್ಬು, ಮೆಕ್ಕೆಜೋಳ ಮೊದಲಾದವುಗಳಿಂದ ತಯಾರಾಗುವ ಈ ಎಥೆನಾಲ್ ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು. ನೀರು ಹೆಚ್ಚಾದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಹೀಗಾದರೆ ಟ್ಯಾಂಕು ಮತ್ತು ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಬೇಕು. ಗಾಡಿಯನ್ನು ಮಳೆಯಲ್ಲಿ ನಿಲ್ಲಿಸದಿರುವುದೇ ಇದಕ್ಕೆ ಉತ್ತಮ ಉಪಾಯ.

ಪ್ಲಗ್ ಒದ್ದೆಯಾಗಿದ್ದರೆ

ಪ್ಲಗ್ಗನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಕ್ಯಾಪಿಗೆ ಸಿಕ್ಕಿಸಿ. ಪೆಟ್ರೋಲ್ ಕಾಕ್ ಮುಚ್ಚಿ. ಪ್ಲಗ್ಗಿನ ಲೋಹದ ಭಾಗ ಎಂಜಿನ್‌ಗೆ ತಗಲುವಂತೆ, ಆದರೆ ಪ್ಲಗ್ ರಂಧ್ರದಿಂದ ದೂರವಿರುವಂತೆ, ಕ್ಯಾಪಿನ ರಬ್ಬರ್ ಭಾಗವನ್ನು ಹಿಡಿದು ಕಿಕ್ ಹೊಡೆಸಿ. ನೀಲಿ ಬಣ್ಣದ ಬಲವಾದ ಕಿಡಿ ಬಂದರೆ ಸರಿ. ಕೆಂಪು ಅಥವಾ ಹಳದಿ ಕಿಡಿ ದುರ್ಬಲವಾದುದು. ಕಿಡಿ ಬಾರದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ಆಗಲೂ ಬಾರದಿದ್ದರೆ ಕ್ಯಾಪ್, ವೈರು, ಕಾಯಿಲ್ ಇವುಗಳಲ್ಲಿ ದೋಷವಿದೆ.

ಎಚ್ಚರಿಕೆ: ಈ ಪರೀಕ್ಷೆಯನ್ನು ಬಣವೆ, ಕೊಟ್ಟಿಗೆಗಳ ಹತ್ತಿರ ಮಾಡಬಾರದು. ಚೆಲ್ಲಿದ ಪೆಟ್ರೋಲ್ ಆರಿದ ನಂತರವೇ ಮಾಡಬೇಕು. ಬೀಡಿ, ಸಿಗರೇಟು ಸೇದುವವರು ದೂರವಿರಲಿ.

ಕಿಡಿ ಚೆನ್ನಾಗಿದ್ದೂ ಪ್ಲಗ್ ಒದ್ದೆಯಾಗುತ್ತಿದ್ದರೆ ಪೆಟ್ರೋಲ್ ತುಂಬಿಕೊಂಡಿದೆ. ಒಣಗಿಸಿದ ಪ್ಲಗ್ಗನ್ನು ಹಾಕಿ, ಚೋಕ್ ತೆಗೆದು, ಕಾಕ್ ಮುಚ್ಚಿ, ಆಕ್ಸಿಲರೇಟರನ್ನು ಪೂರ್ತಿ ತಿರುವಿಕೊಂಡು ಎಂಟು ಹತ್ತು ಬಾರಿ ಕಿಕ್ ಹೊಡೆಯಿರಿ. ಚಾಲೂ ಆದೊಡನೆ ಆಕ್ಸಿಲರೇಟರ್ ಇಳಿಸಿ ಕಾಕ್ ತೆರೆಯಿರಿ.

ಪ್ಲಗ್ಗಿನ ಎರಡು ತುದಿಗಳ ನಡುವಿನ ಅಂತರ ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟಿರಬೇಕು. ಸಣ್ಣ ಗಾಡಿಗಳಲ್ಲಿ ಇದು ಸಾಮಾನ್ಯವಾಗಿ 0.6 ರಿಂದ 0.9 ಮಿ.ಮೀ. ಪ್ಲಗ್ಗನ್ನು ಮರಳಿ ಹಾಕುವಾಗ ಮೊದಲು ಕೈಯಿಂದಲೇ ಪೂರ್ತಿ ತಿರುಗಿಸಿ, ನಂತರ ಪಾನಾದಿಂದ ಸ್ವಲ್ಪ ಬಿಗಿಗೊಳಿಸಿ. ಬಲ ಹಾಕಿದರೆ ಮರೆ ಹಾಳಾಗಿ ದೊಡ್ಡ ಖರ್ಚಿಗೆ ದಾರಿಯಾಗುತ್ತದೆ.

ಚಾಲೂ ಆದರೂ ಸರಿಯಾಗಿ ಓಡದಿದ್ದರೆ

ಸ್ವಲ್ಪ ದಿನ ಓಡಿಸಿದ ಪ್ಲಗ್ಗಿನ ತುದಿಯ ಬಣ್ಣ ಎಂಜಿನ್‌ನ ಸ್ಥಿತಿಯನ್ನು ಹೇಳುತ್ತದೆ.

1. ತಿಳಿ ಕಂದು: ಎಂಜಿನ್ ಸರಿಯಾಗಿದೆ.
2. ಒಣಗಿದ ಕಪ್ಪು ಮಸಿ: ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಚೋಕ್ ಹಾಗೆಯೇ ಉಳಿದಿದೆಯೇ, ಏರ್ ಫಿಲ್ಟರ್ ಕಟ್ಟಿದೆಯೇ ನೋಡಿ.
3. ಎಣ್ಣೆಯ ಜಿಡ್ಡು, ಜೊತೆಗೆ ನೀಲಿ ಹೊಗೆ: ನಾಲ್ಕು ಸ್ಟ್ರೋಕ್ ಗಾಡಿಯಲ್ಲಿ ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು.
4. ಸುಣ್ಣದಂತೆ ಬಿಳಿ: ಎಂಜಿನ್ ಅತಿಯಾಗಿ ಕಾಯುತ್ತಿದೆ, ಪೆಟ್ರೋಲ್ ಸಾಲದು.

ಒಕ್ಕಣೆಯ ಕಾಲದಲ್ಲಿ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಒಣಕಾಗದದ ಫಿಲ್ಟರನ್ನು ಮೆಲ್ಲಗೆ ತಟ್ಟಿ ಧೂಳು ತೆಗೆಯಬೇಕು, ತೊಳೆಯಬಾರದು. ಎಣ್ಣೆ ಸವರಿದ ಕಾಗದದ್ದನ್ನು ಸ್ವಚ್ಛಗೊಳಿಸದೆ ಬದಲಾಯಿಸಬೇಕು. ಫಿಲ್ಟರ್ ತೆಗೆದು ಗಾಡಿ ಓಡಿಸಿದರೆ ಧೂಳು ಒಳಹೊಕ್ಕು ಸಿಲಿಂಡರ್ ಸವೆಯುತ್ತದೆ.

ಎಂಜಿನ್ ಸದ್ದು ಸರಿಯಿದ್ದೂ ಗಾಡಿ ಎಳೆಯದಿದ್ದರೆ ಬ್ರೇಕ್ ಹಿಡಿದುಕೊಂಡಿದೆಯೇ, ಕ್ಲಚ್ ಜಾರುತ್ತಿದೆಯೇ ನೋಡಿ. ನಡುಸ್ಟ್ಯಾಂಡ್ ಹಾಕಿ ಗೇರಿಲ್ಲದೆ ತಿರುಗಿಸಿದಾಗ ಹಿಂದಿನ ಚಕ್ರ ಸಲೀಸಾಗಿ ತಿರುಗಬೇಕು.

ಇಂಜೆಕ್ಷನ್ ಇರುವ ಹೊಸ ಗಾಡಿಗಳು

2020 ರ ಏಪ್ರಿಲ್ 1 ರಂದು ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ನಂತರದ ಹೆಚ್ಚಿನ ಗಾಡಿಗಳಲ್ಲಿ ಕಾರ್ಬುರೇಟರ್ ಬದಲು ಇಂಜೆಕ್ಷನ್ ಇದೆ. ಇವುಗಳಿಗೆ ಬ್ಯಾಟರಿಯೇ ಆಧಾರ. ಬ್ಯಾಟರಿ ತೀರ ಇಳಿದಿದ್ದರೆ ಕಿಕ್ ಹೊಡೆದರೂ ಚಾಲೂ ಆಗದಿರಬಹುದು. ಕೀಲಿ ತಿರುಗಿಸಿದಾಗ ಪೆಟ್ರೋಲ್ ಪಂಪಿನ ಸಣ್ಣ ಗುಂಯ್ ಸದ್ದು ಎರಡು ಮೂರು ಸೆಕೆಂಡು ಕೇಳಿಸಬೇಕು. ಕೇಳಿಸದಿದ್ದರೆ ಬ್ಯಾಟರಿ ಮತ್ತು ಫ್ಯೂಸ್ ಪರೀಕ್ಷಿಸಿ. ಎಂಜಿನ್ ಚಿತ್ರದ ದೀಪ ಆರದೆ ಉರಿಯುತ್ತಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ಮೇಲೆ ಹೇಳಿದ ಕಿಡಿ ಪರೀಕ್ಷೆಯನ್ನು ಈ ಗಾಡಿಗಳಿಗೆ ಮಾಡಬೇಡಿ. ಅವುಗಳ ಎಲೆಕ್ಟ್ರಾನಿಕ್ ಭಾಗಕ್ಕೆ ಹಾನಿಯಾಗುವ ಸಂಭವವಿದೆ.

ಮೆಕ್ಯಾನಿಕ್ ಬಳಿಗೆ ಯಾವಾಗ?

ಪೆಟ್ರೋಲ್, ಕಿಡಿ ಎರಡೂ ಸರಿಯಿದ್ದು, ಕಿಕ್ ಮಾತ್ರ ಎದುರೊತ್ತಿಲ್ಲದೆ ಸಡಿಲವಾಗಿ ಇಳಿದರೆ ಒತ್ತಡ ಸೋರುತ್ತಿದೆ. ವಾಲ್ವ್ ಅಥವಾ ರಿಂಗಿನ ಈ ಕೆಲಸ ಮನೆಯಲ್ಲಿ ಆಗುವಂತಹುದಲ್ಲ. ಎಂಜಿನ್ ಒಳಗೆ ಬಡಿಯುವ ಸದ್ದು ಬಂದರೂ ಓಡಿಸದೆ ತಳ್ಳಿಕೊಂಡು ಹೋಗಿ. ನೀವು ನೋಡಿದ್ದನ್ನು, ಅಂದರೆ ಪ್ಲಗ್ ಒಣಗಿತ್ತೇ, ಒದ್ದೆಯಾಗಿತ್ತೇ, ಕಿಡಿ ಬಂದಿತೇ ಎಂಬುದನ್ನು ಮೆಕ್ಯಾನಿಕ್‌ಗೆ ವಿವರವಾಗಿ ಹೇಳಿ. ಅನಾವಶ್ಯಕವಾಗಿ ಎಂಜಿನ್ ಬಿಚ್ಚುವುದು ತಪ್ಪುತ್ತದೆ.

ಕೊನೆಯದಾಗಿ, ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸಿ, ಒಂದನ್ನೇ ಬದಲಾಯಿಸಿ. ಸೀಟಿನಡಿ ಒಂದು ಹೊಸ ಪ್ಲಗ್ ಮತ್ತು ಪ್ಲಗ್ ಪಾನಾ ಸದಾ ಇರಲಿ. ಇಷ್ಟು ಅಭ್ಯಾಸ ಮಾಡಿಕೊಂಡ ರೈತರಿಗೆ ಹಾಲು ಡೇರಿಗೆ ತಪ್ಪುವುದೂ, ಬೇಡದ ರಿಪೇರಿಯ ಖರ್ಚೂ ಬಹುಮಟ್ಟಿಗೆ ಕಡಿಮೆಯಾಗುವುದರಲ್ಲಿ ಸಂದೇಹವಿಲ್ಲ.