ಬಾವಿಯ ನೀರಿನ ಸವಳನ್ನು ಅಳೆಯುವುದು ಹೇಗೆ?

ಬಾಯಿಗೆ ಸಪ್ಪಗೆ ತೋರುವ ನೀರೂ ವರ್ಷಗಟ್ಟಲೆ ಹಾಯಿಸಿದರೆ ಒಳ್ಳೆಯ ಹೊಲವನ್ನು ಸವಳು ಮಾಡಬಲ್ಲದು. ಆದ್ದರಿಂದ ನಾಲಿಗೆಯನ್ನು ನಂಬದೆ ಅಳತೆಯನ್ನು ನಂಬಬೇಕು.

ನೀರಿನಲ್ಲಿ ಕರಗಿದ ಉಪ್ಪು ವಿದ್ಯುದಂಶವುಳ್ಳ ಸೂಕ್ಷ್ಮ ಕಣಗಳಾಗಿ ಒಡೆಯುತ್ತದೆ. ನೀರಿನಲ್ಲಿ ವಿದ್ಯುತ್ತನ್ನು ಹೊತ್ತೊಯ್ಯುವವು ಇವೇ. ಉಪ್ಪು ಹೆಚ್ಚಿದಷ್ಟೂ ನೀರು ವಿದ್ಯುತ್ತಿಗೆ ಒಡ್ಡುವ ತಡೆ, ಅಂದರೆ ರೋಧ, ಕಡಿಮೆಯಾಗುತ್ತದೆ.

ಒಂದು ಸೆಂಟಿಮೀಟರ್ ಉದ್ದಗಲದ ಎರಡು ತಗಡುಗಳನ್ನು ಒಂದು ಸೆಂಟಿಮೀಟರ್ ಅಂತರದಲ್ಲಿ ಎದುರುಬದುರು ಇಟ್ಟಿರುವುದಾಗಿ ಭಾವಿಸಿರಿ. ಅವುಗಳ ನಡುವಣ ನೀರಿನ ರೋಧ 1000 ಓಮ್ ಇದ್ದರೆ, ಅದರ ವಾಹಕತೆ ಮೀಟರಿಗೆ 1 ಡೆಸಿಸೀಮನ್ಸ್. ರೋಧ 500 ಓಮಿಗೆ ಇಳಿದರೆ ವಾಹಕತೆ 2. ಪರೀಕ್ಷಾ ವರದಿಯಲ್ಲಿ 'ಇ.ಸಿ.' ಎಂದು ಬರೆಯುವುದು ಇದನ್ನೇ.

ಹಾಗಾದರೆ ಮೋಟಾರು ರಿಪೇರಿಯವರ ಮಲ್ಟಿಮೀಟರಿನ ಕಡ್ಡಿಗಳನ್ನು ನೀರಿಗೆ ಅದ್ದಿದರೆ ಸಾಲದೇ? ಸಾಲದು. ಅದರ ಬ್ಯಾಟರಿಯ ಪ್ರವಾಹ ಒಂದೇ ದಿಕ್ಕಿಗೆ ಹರಿಯುವುದರಿಂದ ಕಣಗಳು ಕಡ್ಡಿಗಳ ಬಳಿ ಗುಂಪುಗೂಡಿ, ಮುಳ್ಳು ಒಂದು ಕಡೆ ನಿಲ್ಲುವುದಿಲ್ಲ. ಈ ತೊಡಕನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಕೋಲ್‌ರೌಷ್ ಎಂಬ ವಿಜ್ಞಾನಿ ದಿಕ್ಕು ಬದಲಿಸುತ್ತಿರುವ ಪ್ರವಾಹವನ್ನು ಬಳಸಿ ನಿವಾರಿಸಿದರು. ಇಂದಿನ ಇ.ಸಿ. ಮೀಟರುಗಳದೂ ಇದೇ ಕ್ರಮ. ಮನೆಯ ಕರೆಂಟನ್ನು ನೀರಿಗೆ ಹಚ್ಚಿ ನೋಡುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದು. ಅದು ಪ್ರಾಣಕ್ಕೇ ಅಪಾಯ.

ನೀರು ಒಂದು ಡಿಗ್ರಿ ಬೆಚ್ಚಗಾದರೆ ವಾಹಕತೆ ಸುಮಾರು ನೂರಕ್ಕೆ ಎರಡರಷ್ಟು ಏರುತ್ತದೆ. ಆದ್ದರಿಂದ ಲೆಕ್ಕವನ್ನು 25 ಡಿಗ್ರಿಗೆ ಹೊಂದಿಸಿ ಹೇಳುವುದು ವಾಡಿಕೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1985ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಇ.ಸಿ. 0.7ಕ್ಕಿಂತ ಕಡಿಮೆಯಿದ್ದರೆ ಸವಳಿನ ಚಿಂತೆಯಿಲ್ಲ, 0.7ರಿಂದ 3ರವರೆಗೆ ಎಚ್ಚರಿಕೆ ಬೇಕು. 3 ಮೀರಿದರೆ ತೊಂದರೆ ತೀವ್ರ. ದ್ರಾಕ್ಷಿ, ಕಬ್ಬು ಬೇಗ ಸೊರಗುತ್ತವೆ. ಜೋಳ, ಹತ್ತಿ ಹೆಚ್ಚು ತಾಳಿಕೊಳ್ಳುತ್ತವೆ.

ಇ.ಸಿ. 2 ಇರುವ ನೀರನ್ನು ಎಕರೆಗೆ ಒಂದು ಅಂಗುಲ ನಿಲ್ಲುವಷ್ಟು ಹಾಯಿಸಿದರೆ ಸುಮಾರು 130 ಕಿಲೋ ಉಪ್ಪು ಹೊಲಕ್ಕೆ ಬಂದಂತೆ. ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಮಳೆಯಿಂದ ತೊಳೆದು, ಬಸಿದುಹೋಗದಿದ್ದರೆ ಅದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ.

ಪರೀಕ್ಷೆಗೆ ನೀರು ಒಯ್ಯುವ ಮೊದಲು ಪಂಪನ್ನು ಅರ್ಧ ತಾಸು ನಡೆಸಿರಿ. ಶುಚಿಯಾದ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಸಲ ತೊಳೆದು, ತುಂಬಿ, ಬಾವಿಯ ಗುರುತು ಮತ್ತು ತಾರೀಖು ಬರೆದು, ಹತ್ತಿರದ ಮಣ್ಣು-ನೀರು ಪರೀಕ್ಷಾ ಕೇಂದ್ರಕ್ಕೆ ಕೊಡಿರಿ. ಇ.ಸಿ. ಒಟ್ಟು ಉಪ್ಪನ್ನು ಮಾತ್ರ ತಿಳಿಸುವುದರಿಂದ ಸೋಡಿಯಂ ಎಷ್ಟೆಂಬುದನ್ನೂ ಕೇಳಿರಿ. ಹೊಸ ತೋಟ ಹಾಕುವವರಂತೂ ಸಸಿ ಕೊಳ್ಳುವ ಮುಂಚೆಯೇ ಈ ಕೆಲಸ ಮಾಡಬೇಕು.