ಸಲ್ಲಿಸಿದ ಅರ್ಜಿಯ ಮುಂದಿನ ಗತಿ

ವಿಜಯಪುರದಿಂದ ಸೊಲ್ಲಾಪುರದತ್ತ ಸಾಗುವ ಹೆದ್ದಾರಿಯಲ್ಲಿ, ನಿಂಬೆಯ ತೋಟಗಳಿಗೆ ಹೆಸರಾದ ಇಂಡಿಯ ಸೀಮೆಯೊಳಗೆ, ಝಳಕಿ ಎಂಬ ಊರುಂಟು. ಅಲ್ಲಿಯ ರೈತನೊಬ್ಬನು ಮಗಳ ವಿದ್ಯಾರ್ಥಿವೇತನಕ್ಕೆ ಅವಶ್ಯವಾದ ಆದಾಯ ಪ್ರಮಾಣಪತ್ರವನ್ನು ಬೇಡಿ, ತನ್ನ ಮೊಬೈಲಿನಲ್ಲಾಗಲಿ ಸೇವಾಕೇಂದ್ರದವರ ನೆರವಿನಿಂದಾಗಲಿ ಜಾಲತಾಣದ ನಮೂನೆಯನ್ನು ತುಂಬಿ, ಅದರ ಕೊನೆಯಲ್ಲಿರುವ ‘ಸಲ್ಲಿಸು’ ಎಂಬ ಗುಂಡಿಯನ್ನು ಒತ್ತಿದನೆಂದು ಭಾವಿಸೋಣ. ಅವನ ಹೆಸರು, ಊರು, ಸರ್ವೆ ನಂಬರು, ವರಮಾನದ ಅಂಕಿ, ಇವೆಲ್ಲವೂ ಆ ಕ್ಷಣದಲ್ಲಿ ಅವನ ಕೈಬಿಟ್ಟು, ದೂರದ ದತ್ತಾಂಶ ಕೇಂದ್ರದಲ್ಲಿ ಹಗಲಿರುಳು ಎಚ್ಚತ್ತಿರುವ ಸರ್ವರ್ ಎಂಬ ಗಣಕವನ್ನು ಮುಟ್ಟುತ್ತವೆ. ಅಲ್ಲಿ ಯಾವನೋ ತರುಣ ತಂತ್ರಜ್ಞನು ಎಂದೋ ಬರೆದಿಟ್ಟ ಕೆಲವು ನೂರು ಪಂಕ್ತಿಗಳ ಕೋಡ್ ಅವನ್ನು ಓದಿ, ಈ ಅರ್ಜಿಯನ್ನು ಸ್ವೀಕರಿಸತಕ್ಕದ್ದೋ ತಿರಸ್ಕರಿಸತಕ್ಕದ್ದೋ ಎಂಬುದನ್ನು ರೆಪ್ಪೆ ಬಡಿಯುವಷ್ಟರಲ್ಲಿ ನಿರ್ಣಯಿಸುತ್ತದೆ. ಕಣ್ಣಿಗೆ ಕಾಣದ ಈ ನಿರ್ಣಯದ ಸ್ವರೂಪವೇನು, ಅದು ನ್ಯಾಯವಾಗಿ ನಡೆಯಬೇಕಾದರೆ ಏನೇನು ಬೇಕು ಎಂಬುದನ್ನು ಇನ್ನು ಮುಂದೆ ಪ್ರತಿಯೊಬ್ಬ ನಾಗರಿಕನೂ ಅರಿತಿರಬೇಕಾದ ಕಾಲ ಬಂದಿದೆಯೆಂದು ನಾನು ನಂಬಿದ್ದೇನೆ.

1956ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಈ ಭಾಗದಲ್ಲಿ ಪಹಣಿಗೆ ಉತಾರ, ಗ್ರಾಮಲೆಕ್ಕಿಗನಿಗೆ ತಲಾಟಿ, ಕಚೇರಿಗೆ ಬಂದುಹೋಗುವ ಕಾಗದಗಳ ವಹಿಗೆ ಆವಕ-ಜಾವಕ ಎಂದು ಹಿರಿಯರು ಈಗಲೂ ಹೇಳುವುದುಂಟು. ಆ ಕಾಲದ ಕಾರಕೂನನು ಅರ್ಜಿಯನ್ನು ಕೈಗೆ ತೆಗೆದುಕೊಂಡು, ಸಹಿಯುಂಟೋ ಇಲ್ಲವೋ ನೋಡಿ, ಬಿಟ್ಟುಹೋದ ಕಲಮುಗಳನ್ನು ಬೆರಳಿಟ್ಟು ತೋರಿಸಿ ತುಂಬಿಸಿ, ಆವಕ ನಂಬರನ್ನೂ ತಾರೀಖನ್ನೂ ಬರೆದು, ಕೇಳಿದವರಿಗೆ ಪಾವತಿಯನ್ನು, ಎಂದರೆ ಸ್ವೀಕೃತಿಯ ಚೀಟಿಯನ್ನು, ಕೊಡುತ್ತಿದ್ದನು. ಸರ್ವರಿನಲ್ಲಿರುವ ಕೋಡ್ ಮಾಡಬೇಕಾದ ಕೆಲಸವು ಇದಕ್ಕಿಂತ ಬೇರೆಯಲ್ಲ. ಆದರೆ ಎದುರಿಗೆ ನಿಂತವನ ಮುಖವನ್ನು ನೋಡುವ ಸೌಲಭ್ಯ ಮಾತ್ರ ಅದಕ್ಕಿಲ್ಲ.

ಈ ಪರಿವರ್ತನೆಯ ಮೊದಲ ಮಹತ್ತಾದ ಹೆಜ್ಜೆಯನ್ನು ಕರ್ನಾಟಕವು 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಿಂದ ಇಟ್ಟಿತು. ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದ ವಹಿಗಳಲ್ಲಿ ಅಡಗಿದ್ದ, ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸಂಬಂಧಿಸಿದ ಎರಡು ಕೋಟಿಯಷ್ಟು ಪಹಣಿಗಳು, ಕಂದಾಯ ಇಲಾಖೆಯ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಹಾಗೂ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಸಹಾಯದಿಂದ ಗಣಕಕ್ಕೇರಿದವು. ಪ್ರತಿಯೊಂದು ಪ್ರತಿಗೆ 15 ರೂಪಾಯಿ ಕೊಟ್ಟು ತಾಲೂಕು ಕಚೇರಿಯಲ್ಲಿ ಮುದ್ರಿತ ಉತಾರವನ್ನು ಪಡೆಯುವಂತಾದುದು ಜನರ ನೆನಪಿನಲ್ಲಿ ಉಳಿದಿದೆ. ಅದಕ್ಕಿಂತ ಗಹನವಾದ ಸುಧಾರಣೆಯೊಂದು ಒಳಗಣ ಕೋಡಿನಲ್ಲಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ಸುತ್ತೋಲೆಯಲ್ಲಿ ಬರೆದು ಸುಮ್ಮನಾಗದೆ, ಮೊದಲು ಬಂದ ಅರ್ಜಿಯನ್ನು ದಾಟಿ ನಂತರದ್ದನ್ನು ಎತ್ತಿಕೊಳ್ಳಲು ಯಂತ್ರವೇ ಅವಕಾಶ ಕೊಡದಂತೆ ಅಲ್ಲಿ ಏರ್ಪಡಿಸಿದ್ದರು. ಅಧಿಕಾರಿಯೂ ಬೆರಳಚ್ಚನ್ನು ಒತ್ತಿಯೇ ಒಳಹೋಗಬೇಕಾಗಿತ್ತು. ವಶೀಲಿಯಿಲ್ಲದ ಬಡವನ ಸರದಿಯನ್ನು ಕಾಯ್ದ ಈ ಏರ್ಪಾಡಿಗೆ ಸಲ್ಲಬೇಕಾದಷ್ಟು ಪ್ರಶಂಸೆ ಸಂದಿಲ್ಲವೆಂದೇ ನನ್ನ ಭಾವನೆ.

ಆಗ ಗಣಕದ ಮುಂದೆ ಕುಳಿತು ಅರ್ಜಿಯನ್ನು ದಾಖಲಿಸುತ್ತಿದ್ದವನು ಕಚೇರಿಯವನೇ ಆಗಿದ್ದುದರಿಂದ, ಯಂತ್ರಕ್ಕೆ ಮುಟ್ಟುವ ಮುನ್ನ ಪ್ರತಿಯೊಂದು ಅಕ್ಷರವೂ ಒಬ್ಬ ಮನುಷ್ಯನ ಕಣ್ಣನ್ನು ಹಾದುಹೋಗುತ್ತಿತ್ತು. ಈಗ ಆ ನಡುವಣ ಕಣ್ಣು ಇಲ್ಲದಾಗಿದೆ. ಜಗತ್ತಿನ ಯಾವ ಮೂಲೆಯಿಂದ ಯಾರು ಬೇಕಾದರೂ ಏನನ್ನು ಬೇಕಾದರೂ ನಮೂನೆಯಲ್ಲಿ ತುಂಬಿ ಕಳುಹಿಸಬಹುದು. ಇದನ್ನು ಸಾಧ್ಯಗೊಳಿಸಿದ ವಿದ್ಯೆಗೆ ಮೂರು ದಶಕಗಳ ಪ್ರಾಯ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಸಂಸ್ಥೆಯಲ್ಲಿ 1993ರಲ್ಲಿ, ಜಾಲಪುಟದಿಂದ ಬಂದ ಮಾಹಿತಿಯನ್ನು ಸರ್ವರಿನ ಒಳಗಣ ಪ್ರೋಗ್ರಾಮಿಗೆ ತಲುಪಿಸುವ ಸಿಜಿಐ ಎಂಬ ಪದ್ಧತಿ ರೂಪುಗೊಂಡಿತು. 1995ರಲ್ಲಿ ಎಚ್‌ಟಿಎಂಎಲ್ಲಿನ ಎರಡನೆಯ ಆವೃತ್ತಿಯಲ್ಲಿ ನಮೂನೆಗಳಿಗೆ ಶಾಸ್ತ್ರೋಕ್ತ ಸ್ಥಾನ ದೊರೆಯಿತು. ಅದೇ ವರ್ಷ ರಾಸ್ಮಸ್ ಲೆರ್ಡಾರ್ಫ್ ಎಂಬಾತನು ತನ್ನ ಸ್ವಂತ ಪುಟಗಳಿಗಾಗಿ ರಚಿಸಿಕೊಂಡಿದ್ದ ಸಣ್ಣ ಸಾಧನಗಳನ್ನು ಲೋಕಕ್ಕೆ ಬಿಟ್ಟುಕೊಟ್ಟುದರಿಂದ ಪಿಎಚ್‌ಪಿ ಎಂಬ ಪ್ರಸಿದ್ಧ ಭಾಷೆ ಹುಟ್ಟಿತು.

ನಮೂನೆಯ ಮಾಹಿತಿ ಸರ್ವರಿಗೆ ಹೋಗುವ ಮಾರ್ಗಗಳು ಮುಖ್ಯವಾಗಿ ಎರಡು. ಗೆಟ್ ಎಂಬುದರಲ್ಲಿ ತುಂಬಿದ ವಿವರಗಳು ಪುಟದ ವಿಳಾಸದ ಬಾಲಕ್ಕೆ ಅಂಟಿಕೊಂಡು ಎಲ್ಲರಿಗೂ ಕಾಣುವಂತೆ ಹೋಗುತ್ತವೆ. ಊರಿನ ಹೆಸರನ್ನು ಹುಡುಕುವಂತಹ ಕಾರ್ಯಕ್ಕೆ ಇದು ಸಾಕು. ಪೋಸ್ಟ್ ಎಂಬುದರಲ್ಲಿ ಅವು ಸಂದೇಶದ ಒಡಲೊಳಗೆ ಹೋಗುತ್ತವೆ. ದಾಖಲೆಯನ್ನು ಬದಲಿಸುವ ಯಾವುದೇ ಅರ್ಜಿ ಈ ಮಾರ್ಗದಲ್ಲಿಯೇ, ಅದೂ ಗೂಢಲಿಪೀಕರಣಗೊಂಡ ಎಚ್‌ಟಿಟಿಪಿಎಸ್ ಸಂಪರ್ಕದಲ್ಲಿಯೇ, ಬರತಕ್ಕದ್ದು. ಎರಡರಲ್ಲಿಯೂ ಹೋಗುವುದು ಅಂಕಿಗಳ ಮಾಲೆಯೇ ಹೊರತು ನಾವು ಕಾಣುವ ಅಕ್ಷರಗಳಲ್ಲ. ಝಳಕಿ ಎಂಬ ಹೆಸರನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಅದು ಮೂರಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಝ, ಳ, ಕ ಎಂಬ ಮೂರು ಅಕ್ಷರಗಳ ಜೊತೆಗೆ ಗುಡಿಸೂ ಪ್ರತ್ಯೇಕ ಚಿಹ್ನೆಯಾದುದರಿಂದ ನಾಲ್ಕು. ಯುಟಿಎಫ್-8 ಎಂಬ ರೂಢಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟುಗಳು ಬೇಕಾದುದರಿಂದ ಹನ್ನೆರಡು. ನಮೂನೆಯ ಸಾಮಾನ್ಯ ಸಂಕೇತಪದ್ಧತಿಯಲ್ಲಿ ಒಂದೊಂದು ಬೈಟೂ ಶೇಕಡಾ ಚಿಹ್ನೆಯೊಡನೆ ಮೂರು ಚಿಹ್ನೆಗಳಾಗಿ ವಿಸ್ತರಿಸುವುದರಿಂದ, ಆ ಪುಟ್ಟ ಹೆಸರು ತಂತಿಯ ಮೇಲೆ ಸಾಗುವಾಗ ಮೂವತ್ತಾರು ಚಿಹ್ನೆಗಳ ಸಾಲಾಗಿರುತ್ತದೆ. ಅದನ್ನು ಮರಳಿ ಬಿಡಿಸಿ ಝಳಕಿಯಾಗಿಯೇ ಉಳಿಸಿಕೊಳ್ಳುವುದು ಸರ್ವರ್ ಕೋಡಿನ ಪ್ರಥಮ ಕರ್ತವ್ಯ. ರೋಮನ್ ಅಕ್ಷರಕ್ಕೆ ಒಂದೇ ಬೈಟು ಸಾಕೆಂಬ ಅಭ್ಯಾಸದಲ್ಲಿ ಬೆಳೆದವನು ಊರಿನ ಹೆಸರಿಗೆ ಮೂವತ್ತು ಬೈಟುಗಳ ಜಾಗವನ್ನು ಕೊಟ್ಟು ಧಾರಾಳವೆಂದುಕೊಂಡರೆ, ಮೂವತ್ತೇಳು ಬೈಟುಗಳ ‘ಬಸವನ ಬಾಗೇವಾಡಿ’ ಅಲ್ಲಿ ಹಿಡಿಯದೆ, ‘ಬಾಗೇವ’ ಎಂಬಲ್ಲಿಗೆ ಕಡಿದು, ಮುಂದಿನ ದೀರ್ಘದ ಅರ್ಧ ಚೂರು ಓದಲಾಗದ ಕಲೆಯಾಗಿ ಉಳಿದುಬಿಡುತ್ತದೆ.

ಎರಡನೆಯ ಕರ್ತವ್ಯವು ಪರೀಕ್ಷೆ. ಆಧಾರ್ ಸಂಖ್ಯೆಯಲ್ಲಿ ಹನ್ನೊಂದೇ ಅಂಕಿಯಿದ್ದರೆ ಕೆಂಪಕ್ಷರದಲ್ಲಿ ಎಚ್ಚರಿಕೆ ಮೂಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಅದನ್ನು ಮೂಡಿಸುವುದು ಸಾಮಾನ್ಯವಾಗಿ ಅರ್ಜಿದಾರನ ಬಳಿಯ ಬ್ರೌಸರ್ ಆದುದರಿಂದ, ಅಡ್ಡದಾರಿ ಹಿಡಿಯುವವನು ಬ್ರೌಸರನ್ನೇ ಬದಿಗಿಟ್ಟು ನೇರವಾಗಿ ಸರ್ವರಿಗೆ ತನಗೆ ತೋಚಿದ್ದನ್ನು ಕಳುಹಿಸಬಲ್ಲನು. ಆದಕಾರಣ ಬ್ರೌಸರು ಮಾಡಿದ ಪ್ರತಿಯೊಂದು ಪರೀಕ್ಷೆಯನ್ನೂ ಸರ್ವರು ಮತ್ತೊಮ್ಮೆ ಮೊದಲಿನಿಂದ ಮಾಡಲೇಬೇಕು. ಆಧಾರಿನ ಹನ್ನೆರಡನೆಯ ಅಂಕಿಯು ವೆರ್ಹೂಫ್ ಎಂಬ ಗಣಿತಕ್ರಮದಿಂದ ಹುಟ್ಟಿದ ಸಾಕ್ಷಿಯ ಅಂಕಿ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಅದು ಹಿಡಿದುಕೊಡುತ್ತದೆ. ಹಣದ ಅಂಕಿಯಲ್ಲಿ ಬೇರೊಂದು ಅಪಾಯವುಂಟು: ರೈತನು ನಮ್ಮ ರೂಢಿಯಂತೆ 1,20,000 ಎಂದು ಅಲ್ಪವಿರಾಮಗಳೊಡನೆ ಬರೆದರೆ, ಪಿಎಚ್‌ಪಿಯಂತಹ ಭಾಷೆ ಅದನ್ನು ಅಂಕಿಯಾಗಿ ಪರಿವರ್ತಿಸುವಾಗ ಮೊದಲ ಅಲ್ಪವಿರಾಮದಲ್ಲಿಯೇ ನಿಂತು, ವರ್ಷದ ವರಮಾನ ಒಂದು ರೂಪಾಯಿಯೆಂದು ದಾಖಲಿಸಿಕೊಳ್ಳಬಹುದು, ೧೨೦೦೦೦ ಎಂದು ಕನ್ನಡದ ಅಂಕಿಗಳಲ್ಲಿ ಬರೆದರಂತೂ ಸೊನ್ನೆಯೆಂದೇ ತಿಳಿಯಬಹುದು. ಅಲ್ಪವಿರಾಮಗಳನ್ನು ತೆಗೆದು, ಕನ್ನಡದ ಅಂಕಿಗಳನ್ನು ಬದಲಿಸಿಕೊಳ್ಳಲು ಎರಡು ಸಾಲು ಕೋಡ್ ಸಾಕು. ಆ ಎರಡು ಸಾಲನ್ನು ಬರೆಯದೆ, ತಪ್ಪು ಅರ್ಜಿದಾರನದೆಂದು ಹೇಳುವುದು ಅನ್ಯಾಯ.

ಇನ್ನು ದುರುದ್ದೇಶದ ಮಾತು. ದಾಖಲೆಗಳನ್ನು ಕೂಡಿಡುವ ದತ್ತಸಂಚಯಕ್ಕೆ ಸರ್ವರು ಕೊಡುವ ಆಜ್ಞೆಗಳು ಎಸ್‌ಕ್ಯೂಎಲ್ ಎಂಬ ಭಾಷೆಯಲ್ಲಿರುತ್ತವೆ. ಆ ಭಾಷೆಯಲ್ಲಿ ಹೆಸರು ಮೊದಲಾದ ಪಠ್ಯವನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಡುವುದು ಪದ್ಧತಿ. ಅಜಾಗರೂಕನಾದ ತಂತ್ರಜ್ಞನು ಅರ್ಜಿದಾರನು ಬರೆದುದನ್ನು ಹಾಗೆಯೇ ಆಜ್ಞೆಯ ನಡುವೆ ಹೊಲಿದುಬಿಟ್ಟರೆ, ಕಿಡಿಗೇಡಿಯು ಹೆಸರಿನ ಕಲಮಿನಲ್ಲಿ ಒಂದು ಉದ್ಧರಣ ಚಿಹ್ನೆಯನ್ನಿಟ್ಟು ಪಠ್ಯವನ್ನು ಅಲ್ಲಿಗೇ ಮುಗಿಸಿ, ಮುಂದೆ ತನ್ನದೇ ಆಜ್ಞೆಯನ್ನು ಬರೆದು, ಸಮಸ್ತರ ದಾಖಲೆಗಳನ್ನು ಓದಲೂ ಅಳಿಸಲೂ ಶಕ್ತನಾಗುತ್ತಾನೆ. ಜೆಫ್ ಫಾರಿಸ್ಟಲ್ ಎಂಬ ತಜ್ಞನು 1998ರಲ್ಲಿಯೇ ಬಹಿರಂಗವಾಗಿ ವಿವರಿಸಿದ ಈ ದೋಷ ಇಂದಿಗೂ ನಿರ್ಮೂಲವಾಗಿಲ್ಲ. ಇದಕ್ಕೆ ಕೆಲವರು ಮಾಡುವ ಚಿಕಿತ್ಸೆಯೆಂದರೆ, ಅನುಮಾನಾಸ್ಪದವಾದ ಚಿಹ್ನೆಗಳನ್ನೆಲ್ಲ ನಿಷೇಧಿಸಿಬಿಡುವುದು. ಹಾಗೆ ಮಾಡಿದರೆ, ಹೆಸರಿನ ನಡುವೆಯೇ ಆ ಚಿಹ್ನೆಯಿರುವ ಮಂಗಳೂರಿನ ಡಿ’ಸೋಜರು ತಮ್ಮ ಮನೆತನದ ಹೆಸರನ್ನು ಬರೆಯಲಾರದೆ ಹೋಗುತ್ತಾರೆ. ನಮ್ಮ ಉತಾರಗಳಲ್ಲಿ ಸರ್ವೆ ನಂಬರಿಗೂ ಹಿಸ್ಸಾ ನಂಬರಿಗೂ ನಡುವೆ ಸರ್ನಾಕ್ ಎಂಬ ಕಲಮಿನಲ್ಲಿ ಸಾಮಾನ್ಯವಾಗಿ ಕಾಣುವ ನಕ್ಷತ್ರ ಚಿಹ್ನೆಯೂ ಮಾಯವಾಗುತ್ತದೆ. ಸರಿಯಾದ ಮಾರ್ಗ ಬೇರೆಯುಂಟು: ಆಜ್ಞೆಯನ್ನು ಮೊದಲೇ ಸಿದ್ಧಪಡಿಸಿ, ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಅರ್ಜಿದಾರನ ಮಾತನ್ನು ಪ್ರತ್ಯೇಕವಾಗಿ ಕಳುಹಿಸಬೇಕು. ಆಗ ಅವನು ಏನನ್ನೇ ಬರೆದಿರಲಿ, ಅದು ಮಾತಾಗಿಯೇ ಉಳಿಯುತ್ತದೆ, ಎಂದಿಗೂ ಆಜ್ಞೆಯಾಗದು. ಅಂತೆಯೇ, ಅಧಿಕಾರಿಯ ಪರದೆಯಲ್ಲಿ ಆ ಹೆಸರನ್ನು ತೋರಿಸುವಾಗ, ಅದರೊಳಗೆ ಅಡಗಿರಬಹುದಾದ ಎಚ್‌ಟಿಎಂಎಲ್ ಚಿಹ್ನೆಗಳನ್ನು ಕೇವಲ ಅಕ್ಷರಗಳಾಗಿ ಕಾಣುವಂತೆ ಮಾಡಬೇಕು. ಶಂಕೆ ಬಂದ ಮಾಹಿತಿಯ ಮೇಲಿರಬೇಕಲ್ಲದೆ, ಕಳುಹಿಸಿದ ಮನುಷ್ಯನ ಹೆಸರಿನ ಮೇಲೆ ಇರಕೂಡದು.

ಕನ್ನಡಿಗರಿಗೆ ವಿಶೇಷವಾಗಿ ತಟ್ಟುವ ತೊಡಕೊಂದು ಇಲ್ಲಿದೆ. ಅದರ ಕುರಿತು ನಮ್ಮ ತಂತ್ರಜ್ಞರು ಗಟ್ಟಿಯಾಗಿ ಮಾತನಾಡದಿರುವುದು ನನಗೆ ವ್ಯಥೆಯ ಸಂಗತಿ. ಹೆಸರಿನ ಕಲಮಿನಲ್ಲಿ ಅಕ್ಷರಗಳು ಮಾತ್ರ ಇರತಕ್ಕದ್ದೆಂಬ ನಿಯಮವು ನೋಡಲು ನಿರುಪದ್ರವಿ. ಆದರೆ ಯೂನಿಕೋಡಿನ ವರ್ಗೀಕರಣದಲ್ಲಿ ನಮ್ಮ ಗುಣಿತಚಿಹ್ನೆಗಳೂ ಅನುಸ್ವಾರವೂ ಒತ್ತಕ್ಷರವನ್ನು ಹುಟ್ಟಿಸುವ ಹಲಂತ ಚಿಹ್ನೆಯೂ ಅಕ್ಷರವೆಂಬ ವರ್ಗಕ್ಕೆ ಸೇರದೆ, ಪೂರಕ ಚಿಹ್ನೆಗಳೆಂಬ ಬೇರೆ ವರ್ಗಕ್ಕೆ ಸೇರುತ್ತವೆ. ಆ ನಿಯಮವನ್ನು ಯಥಾವತ್ತಾಗಿ ಪಾಲಿಸುವ ಕೋಡ್ ಝಳಕಿಯ ಗುಡಿಸನ್ನೂ, ಇಂಡಿ ಮತ್ತು ಸಿಂದಗಿಗಳ ಸೊನ್ನೆಯನ್ನೂ, ಮುದ್ದೇಬಿಹಾಳದ ದಕಾರದ ಒತ್ತನ್ನೂ ದೋಷವೆಂದು ಭಾವಿಸಿ ಅರ್ಜಿಯನ್ನು ಹಿಂದಿರುಗಿಸುತ್ತದೆ. ಇದಕ್ಕಿಂತ ಸೂಕ್ಷ್ಮವಾದುದು ಇನ್ನೊಂದು. ಮುದ್ದೇಬಿಹಾಳದಲ್ಲಿರುವ ಏಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವವನ್ನೂ ದೀರ್ಘದ ಗುರುತನ್ನೂ ಜೋಡಿಸಿ ಎರಡಾಗಿಯೂ ಇಡಬಹುದು. ಕೊಲ್ಹಾರದ ಒಕಾರಕ್ಕೂ ಅಂತಹುದೇ ಎರಡು ರೂಪಗಳುಂಟು. ಕಣ್ಣಿಗೆ ಎರಡೂ ಒಂದೇ. ಹೋಲಿಸಿ ನೋಡುವ ಗಣಕಕ್ಕೆ ಬೇರೆಬೇರೆ ಊರುಗಳು. ಬಂದ ಪಠ್ಯವನ್ನೆಲ್ಲ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದುಕೊಂಡ ಬಳಿಕವೇ ಹೋಲಿಸಬೇಕು; ಆ ಏಕರೂಪವನ್ನು ಯೂನಿಕೋಡೇ ನಿರೂಪಿಸಿದೆ. ಹಳೆಯ ನುಡಿ ತಂತ್ರಾಂಶದ ಯೂನಿಕೋಡೇತರ ಫಾಂಟುಗಳಲ್ಲಿ ಬರೆದುದನ್ನು ನಮೂನೆಯಲ್ಲಿ ಅಂಟಿಸಿದಾಗಲಂತೂ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯೊಂದು ಸರ್ವರಿಗೆ ಮುಟ್ಟುತ್ತದೆ.

ಉತಾರದಲ್ಲಿ ಅಜ್ಜನ ಕಾಲದಿಂದ ಬಂದ ಹೆಸರು ಕನ್ನಡದಲ್ಲಿ ಒಂದು ಬಗೆ, ಆಧಾರಿನಲ್ಲಿ ರೋಮನ್ ಲಿಪಿಯಲ್ಲಿ ಇನ್ನೊಂದು ಬಗೆ, ಬ್ಯಾಂಕಿನ ಪುಸ್ತಕದಲ್ಲಿ ಅಡ್ಡಹೆಸರಿಲ್ಲದೆ ಮತ್ತೊಂದು ಬಗೆ ಇರುವುದು ಈ ಸೀಮೆಯಲ್ಲಿ ಅಪರೂಪವಲ್ಲ. ಮೂರೂ ಅಕ್ಷರಶಃ ಒಂದೇ ಇರಬೇಕೆಂದು ಕೋಡ್ ಹಟಹಿಡಿದರೆ ಯೋಗ್ಯನಾದ ಫಲಾನುಭವಿಯೇ ಹೊರಗುಳಿಯುತ್ತಾನೆ. ಸಂದೇಹವಿದ್ದ ಅರ್ಜಿಯನ್ನು ತಿರಸ್ಕರಿಸುವುದಕ್ಕೆ ಬದಲಾಗಿ ಮನುಷ್ಯನೊಬ್ಬನ ಪರಿಶೀಲನೆಗೆ ಎತ್ತಿಡುವ ಮಾರ್ಗವನ್ನು ಬರೆಯುವುದು ತಂತ್ರಜ್ಞನಿಗೆ ಕಷ್ಟದ ಕೆಲಸವಲ್ಲ. ತಿರಸ್ಕರಿಸಲೇಬೇಕಾದಾಗಲೂ, ಯಾವ ಕಲಮಿನಲ್ಲಿ ಏನು ತಪ್ಪಿದೆಯೆಂಬುದನ್ನು ತಿಳಿಗನ್ನಡದಲ್ಲಿ ಹೇಳಿ, ತುಂಬಿದ ಮಿಕ್ಕ ವಿವರಗಳನ್ನು ಅಳಿಸದೆ ಹಾಗೆಯೇ ಉಳಿಸಿಕೊಡುವಷ್ಟು ಸೌಜನ್ಯ ಬೇಕು.

ಹೊಲದ ಬದುವಿನಲ್ಲಿ ಸಿಗ್ನಲು ಬಂದು ಹೋಗುವಂತಹ ಕಡೆ ಗುಂಡಿಯನ್ನೊತ್ತಿದವನಿಗೆ ಉತ್ತರ ಬಾರದಿದ್ದರೆ, ಅವನು ಎರಡನೆಯ ಸಲ ಒತ್ತುವುದು ಸಹಜ. ಮೊದಲ ಅರ್ಜಿ ಸರ್ವರಿಗೆ ಮುಟ್ಟಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದಿದ್ದ ಪಕ್ಷದಲ್ಲಿ, ಒಬ್ಬನ ಹೆಸರಿನಲ್ಲಿ ಎರಡು ಅರ್ಜಿಗಳು ನಿಲ್ಲುತ್ತವೆ. ಶುಲ್ಕವಿದ್ದರೆ ಎರಡು ಸಲ ಕಡಿತವೂ ಆಗಬಹುದು. ಇದನ್ನು ತಡೆಯಲು, ನಮೂನೆಯನ್ನು ತೋರಿಸುವಾಗಲೇ ಅದಕ್ಕೊಂದು ಗುಪ್ತ ಗುರುತನ್ನು ಕೊಟ್ಟಿರಬೇಕು. ಅದೇ ಗುರುತು ಮತ್ತೆ ಬಂದರೆ ಹೊಸ ದಾಖಲೆಯನ್ನು ಸೃಷ್ಟಿಸದೆ ಹಿಂದಿನ ಉತ್ತರವನ್ನೇ ಮರಳಿ ಕಳುಹಿಸಬೇಕು. ಸ್ವೀಕಾರವಾದೊಡನೆ ಬ್ರೌಸರನ್ನು ಬೇರೊಂದು ಪುಟಕ್ಕೆ ಕಳುಹಿಸುವುದರಿಂದ, ಪುಟವನ್ನು ಪುನಃ ತೆರೆದಾಗ ಅರ್ಜಿ ಎರಡನೆಯ ಸಲ ಹೋಗದಂತೆಯೂ ನೋಡಿಕೊಳ್ಳಬಹುದು.

ಕೊನೆಗೆ ಪಾವತಿ. ಸರ್ಕಾರಿ ಸೇವೆಗಳಿಗೆ ಗಡುವನ್ನು ವಿಧಿಸುವ 2011ರ ಅಧಿನಿಯಮದಂತೆ 2012ರ ಏಪ್ರಿಲ್ 2ರಂದು ಜಾರಿಗೆ ಬಂದ ‘ಸಕಾಲ’ ವ್ಯವಸ್ಥೆಯಲ್ಲಿ ಅರ್ಜಿದಾರನಿಗೆ ದೊರೆಯುವ ಹದಿನೈದು ಅಂಕಿಗಳ ಸಂಖ್ಯೆಯು ಹಳೆಯ ಆವಕ ನಂಬರಿಗಿಂತ ಪ್ರಬಲವಾದ ಅಸ್ತ್ರ. ಗಡುವು ಅಲ್ಲಿಂದಲೇ ಆರಂಭ. ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರವನ್ನು ಕೇಳುವ ಹಕ್ಕು ಅವನಿಗುಂಟು. ಇಷ್ಟು ತೂಕವುಳ್ಳ ಸಂಖ್ಯೆಯನ್ನು ಕೋಡ್ ಯಾವ ಗಳಿಗೆಯಲ್ಲಿ ಕೊಡಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ಅರ್ಜಿಯ ವಿವರ, ಲಗತ್ತಿಸಿದ ಕಾಗದಗಳು, ಶುಲ್ಕದ ದಾಖಲೆ, ಇವುಗಳಲ್ಲಿ ಒಂದು ಬರೆಯಲ್ಪಟ್ಟು ಇನ್ನೊಂದು ಬಿಟ್ಟುಹೋಗುವಂತಿಲ್ಲ. ಎಲ್ಲವೂ ಒಟ್ಟಿಗೆ ದತ್ತಸಂಚಯದಲ್ಲಿ ಸ್ಥಿರವಾಗಬೇಕು, ಇಲ್ಲವೇ ಎಲ್ಲವೂ ಒಟ್ಟಿಗೆ ರದ್ದಾಗಬೇಕು. ಹಾಗೆ ಸ್ಥಿರವಾದುದು ಖಚಿತವಾಗುವುದಕ್ಕೆ ಮುಂಚೆ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸಿಬಿಟ್ಟರೆ, ಆ ಕ್ಷಣದಲ್ಲಿ ಸರ್ವರಿನ ವಿದ್ಯುತ್ತು ಹೋದ ಪಕ್ಷದಲ್ಲಿ, ಝಳಕಿಯ ರೈತನ ಕೈಯಲ್ಲಿ ಸಂಖ್ಯೆಯಿದ್ದರೂ ಕಚೇರಿಯಲ್ಲಿ ಅದಕ್ಕೆ ಸರಿಹೊಂದುವ ಅರ್ಜಿಯೇ ಇರುವುದಿಲ್ಲ. ಆದುದರಿಂದ ಮೊದಲು ಬರೆಯುವುದು, ಬರೆದುದು ಉಳಿದಿದೆಯೆಂದು ದತ್ತಸಂಚಯದಿಂದ ಉತ್ತರ ಪಡೆಯುವುದು, ಅನಂತರವೇ ಸಂಖ್ಯೆಯನ್ನು ಅವನ ಮೊಬೈಲಿಗೆ ಕಳುಹಿಸುವುದು, ಈ ಕ್ರಮವು ಯಾವ ಅವಸರದಲ್ಲಿಯೂ ವ್ಯತ್ಯಾಸವಾಗಕೂಡದು.